ಕೆಜಿಎಫ್ ಮನೆಯ ಗೋಡೆಗೆ ಕಾಲ್ಗೂರ್ಲಿ ಗಡಿಯಾರ: ಫೋನು, ವೆಬ್‌ಸೈಟು, ವಾಚು, ಗೋಡೆ ಗಡಿಯಾರ, ಯಾವುದು ನೆಚ್ಚಬಹುದು?

ಕೆಜಿಎಫ್‌ನಲ್ಲಿ ಸಂಜೆ ನಾಲ್ಕೂವರೆ ಆದಾಗ ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ ಏಳು ಗಂಟೆ. ಗಣಿಯ ಹಗಲು ಪಾಳಿ ಮುಗಿಸಿ ಬಂದವರು ಸ್ನಾನ ಮಾಡಿ ಊಟಕ್ಕೆ ಕೂರುವ ಹೊತ್ತು. ಇನ್ನೆರಡು ಗಂಟೆ ಹೋದರೆ ಮಲಗಿಬಿಡುತ್ತಾರೆ, ಬೆಳಗ್ಗೆ ನಾಲ್ಕೂವರೆಗೆ ಏಳಬೇಕಲ್ಲ. ಮನೆಯವರು ಅವರೊಂದಿಗೆ ಮಾತಾಡುವುದಿದ್ದರೆ ನಮ್ಮ ನಾಲ್ಕೂವರೆಯಿಂದ ಆರೂವರೆಯೊಳಗೆ ಮಾತಾಡಬೇಕು. ಹಳ್ಳಿ ಮನೆಗಳಲ್ಲಿ ಅದು ಹಾಲು ಕರೆದು ಡೈರಿಗೆ ಹಾಕುವ ಹೊತ್ತು. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಅಷ್ಟೊತ್ತಿಗೆ ಬಂಗಾರಪೇಟೆ ಕಡೆ ರೈಲು ಹತ್ತಿರುವುದೂ ಇಲ್ಲ. ಎರಡು ಊರುಗಳ ನಡುವಿನ ತೊಂದರೆ ಇರುವುದು ಇಲ್ಲಿ. ಎಷ್ಟು ಗಂಟೆ ವ್ಯತ್ಯಾಸ ಎಂದು ಎರಡು ದಿನದಲ್ಲಿ ಬಾಯಿಪಾಠವಾಗುತ್ತದೆ. ಆ ಗಂಟೆಗೆ ಆ ಊರಲ್ಲಿ ಏನು ನಡೆಯುತ್ತಿರುತ್ತದೆ ಎಂಬುದು ತಲೆಗೆ ಹತ್ತಲು ತಿಂಗಳುಗಟ್ಟಲೆ ಬೇಕು.

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆ, ಕೋಲಾರ, ಮುಳಬಾಗಿಲು ಕಡೆಯ ಮನೆಯಿಂದ ಯಾರಾದರೂ ಕಾಲ್ಗೂರ್ಲಿಯ ಗಣಿಗೋ ಅಲ್ಲಿನ ಗಣಿಗಾರಿಕೆ ಕಾಲೇಜಿಗೋ ಹೋಗಿದ್ದರೆ ಮನೆಯಲ್ಲಿ ಉಳಿದವರಿಗೆ ಯಾವ ಸಾಧನ ಕೆಲಸಕ್ಕೆ ಬರುತ್ತದೆ ಎಂದು ನೋಡುವುದಕ್ಕೆ ಈ ವಿಮರ್ಶೆ. ನೋಡಿರುವುದು ನಾಲ್ಕನ್ನು: ಫೋನಿನ ವರ್ಲ್ಡ್ ಕ್ಲಾಕ್, ಟೈಮ್‌ಆಂಡ್‌ಡೇಟ್ ಡಾಟ್ ಕಾಮ್‌ನ ಮೀಟಿಂಗ್ ಪ್ಲ್ಯಾನರ್, ಕ್ಯಾಸಿಯೋ ಎಇ-1200 ಕೈಗಡಿಯಾರ, ಮತ್ತು ಪಕ್ಕಪಕ್ಕ ಮೊಳೆ ಹೊಡೆದು ನೇತುಹಾಕುವ ಎರಡು ಸಾದಾ ಗೋಡೆ ಗಡಿಯಾರ.

ಮೊದಲು ಲೆಕ್ಕ. ಭಾರತದ ಸಮಯ ಪೂರ್ವ ರೇಖಾಂಶ 82.5 ಡಿಗ್ರಿಗೆ ಹೊಂದಿಸಿದ್ದು, ಯುಟಿಸಿಗಿಂತ (ಇಡೀ ಜಗತ್ತು ಲೆಕ್ಕಕ್ಕೆ ಇಟ್ಟುಕೊಂಡಿರುವ ಮೂಲ ಸಮಯ) 5 ಗಂಟೆ 30 ನಿಮಿಷ ಮುಂದೆ. ಪಶ್ಚಿಮ ಆಸ್ಟ್ರೇಲಿಯಾದ್ದು 120 ಡಿಗ್ರಿಗೆ ಹೊಂದಿಸಿದ್ದು, 8 ಗಂಟೆ ಮುಂದೆ. ಕಳೆದರೆ ಎರಡೂವರೆ ಗಂಟೆ. ಈ ಎರಡೂವರೆ ವರ್ಷವಿಡೀ ಬದಲಾಗುವುದಿಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿ ಬೇಕೇ ಎಂದು ಪಶ್ಚಿಮ ಆಸ್ಟ್ರೇಲಿಯಾದ ಜನರನ್ನು 1975, 1984, 1992, 2009ರಲ್ಲಿ ಮತಕ್ಕೆ ಹಾಕಿ ಕೇಳಿದರು. ನಾಲ್ಕು ಸಲವೂ ಜನ ಬೇಡ ಅಂದರು. ಕೊನೆಯ ಸಲವಂತೂ 2006ರ ಡಿಸೆಂಬರಿನಿಂದ ಮೂರು ಬೇಸಿಗೆ ಪ್ರಯೋಗ ಮಾಡಿ ನೋಡಿದ ಮೇಲೂ ಬೇಡ ಅಂದರು. ಆ ತೀರ್ಮಾನದಿಂದ ನಮಗೆ ದೊಡ್ಡ ಉಪಕಾರವಾಗಿದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಮಕ್ಕಳಿರುವ ಮನೆಯವರು ಅಕ್ಟೋಬರ್ ಮೊದಲ ಭಾನುವಾರ ನಾಲ್ಕೂವರೆಯನ್ನು ಐದೂವರೆ ಮಾಡಿಕೊಂಡು, ಏಪ್ರಿಲ್ ಮೊದಲ ಭಾನುವಾರ ಮತ್ತೆ ನಾಲ್ಕೂವರೆಗೆ ಇಳಿಸಿಕೊಳ್ಳಬೇಕು. ಕಾಲ್ಗೂರ್ಲಿಗೆ ಆ ಗೋಜಿಲ್ಲ. ಒಂದು ಸಲ ಹೊಂದಿಸಿದ ಗಡಿಯಾರವನ್ನು ಸೆಲ್ಲು ಮುಗಿಯುವವರೆಗೆ ಮುಟ್ಟಬೇಕಾಗಿಲ್ಲ.

ಜನ ತಪ್ಪುವುದು "ಆಸ್ಟ್ರೇಲಿಯಾ ಟೈಮ್" ಎಂಬ ಮಾತಿನಲ್ಲಿ. ಆ ದೇಶಕ್ಕೆ ನಮ್ಮ ಹಾಗೆ ಒಂದೇ ಸಮಯ ಇಲ್ಲ. ಅಡಿಲೇಡ್‌ಗೆ ಅರ್ಧ ಗಂಟೆಯ ಇನ್ನೊಂದು ಲೆಕ್ಕ. ಕಾಲ್ಗೂರ್ಲಿಯಿಂದ ಪೂರ್ವಕ್ಕೆ ಸಮುದ್ರದಂಚಿನ ಹೆದ್ದಾರಿಯಲ್ಲಿ ಯೂಕ್ಲಾ ಎಂಬ ಪುಟ್ಟ ಊರಿದೆ, ಅದರ ಸುತ್ತಿನ ಜನ ಯುಟಿಸಿಗಿಂತ 8 ಗಂಟೆ 45 ನಿಮಿಷ ಮುಂದಿರುವ ತಮ್ಮದೇ ಸಮಯ ಇಟ್ಟುಕೊಂಡಿದ್ದಾರೆ. ಆದ್ದರಿಂದ ಯಾವ ಸಾಧನದಲ್ಲೇ ಆಗಲಿ ಆಸ್ಟ್ರೇಲಿಯಾ ಎಂದು ಹುಡುಕಿ ಮೊದಲು ಸಿಕ್ಕ ಊರನ್ನು ಒತ್ತಬೇಡಿ. ಕಾಲ್ಗೂರ್ಲಿ ಸಿಗದಿದ್ದರೆ ಪರ್ತ್. ಪರ್ತ್ ಅನ್ನುವ ಊರು ಸ್ಕಾಟ್ಲೆಂಡಿನಲ್ಲೂ ಇದೆ, ಪಕ್ಕದಲ್ಲಿ ದೇಶದ ಹೆಸರು ನೋಡಿಕೊಂಡೇ ಆರಿಸಿ.

ಗಡಿಯಾರ ಎರಡೂವರೆ ಗಂಟೆ ಅಂದರೂ ಸೂರ್ಯನ ಲೆಕ್ಕ ಬೇರೆ. ಕೆಜಿಎಫ್ ಇರುವುದು ಸುಮಾರು 78.3 ಡಿಗ್ರಿ ರೇಖಾಂಶದಲ್ಲಿ, ಕಾಲ್ಗೂರ್ಲಿ ಸುಮಾರು 121.5ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿನ ಸೂರ್ಯ ನಮಗಿಂತ 2 ಗಂಟೆ 53 ನಿಮಿಷ ಮುಂದಿದ್ದಾನೆ. ನಮ್ಮ ಗಡಿಯಾರ ನಮ್ಮ ಸೂರ್ಯನಿಗಿಂತ ಸುಮಾರು 17 ನಿಮಿಷ ಮುಂದೆ ಓಡುತ್ತದೆ, ಅವರದ್ದು ಅವರ ಸೂರ್ಯನಿಗಿಂತ 6 ನಿಮಿಷ ಹಿಂದೆ. ಹಾಗಾಗಿ ಗಡಿಯಾರದಲ್ಲಿ ಒಂದೇ ಗಂಟೆ ತೋರಿಸುವಾಗಲೂ ಆ ಊರಿನ ಹಗಲು ನಮ್ಮದಕ್ಕಿಂತ ಒಂದಿಷ್ಟು ಮುಂದಕ್ಕೆ ಸರಿದಿರುತ್ತದೆ. ಇದರ ಮೇಲೆ ಋತು ತಿರುಗುಮುರುಗು. ಡಿಸೆಂಬರ್ 21ರ ಹೊತ್ತಿಗೆ ಕೆಜಿಎಫ್‌ನಲ್ಲಿ ಬೆಳಗ್ಗೆ 6:34ರ ಸುಮಾರಿಗೆ ಸೂರ್ಯ ಹುಟ್ಟಿ ಸಂಜೆ 5:56ಕ್ಕೆ ಮುಳುಗಿದರೆ, ಕಾಲ್ಗೂರ್ಲಿಯಲ್ಲಿ ಅವರ ಗಡಿಯಾರದ ಪ್ರಕಾರ 4:48ಕ್ಕೆ ಹುಟ್ಟಿ 6:56ಕ್ಕೆ ಮುಳುಗುತ್ತಾನೆ. ಅಲ್ಲಿ ಬೆಳಕು ಹರಿಯುವಾಗ ನಮ್ಮಲ್ಲಿ ನಡುರಾತ್ರಿ ಎರಡು ಗಂಟೆ ಹದಿನೆಂಟು ನಿಮಿಷ. ಜೂನ್ 21ಕ್ಕೆ ಎಲ್ಲ ಅದಲುಬದಲು: ನಮ್ಮಲ್ಲಿ 5:52ರಿಂದ 6:45ರವರೆಗೆ ಹಗಲು, ಅಲ್ಲಿ 6:51ಕ್ಕೆ ಬೆಳಕಾಗಿ ಸಂಜೆ 5 ಗಂಟೆಗೇ ಕತ್ತಲು. ವಿಡಿಯೋ ಕಾಲ್ ಮಾಡುವಾಗ ನಮ್ಮಲ್ಲಿ ಇನ್ನೂ ಸುಡುಬಿಸಿಲು, ಅವರ ಹಿಂದೆ ಕಿಟಕಿ ಕಪ್ಪಗೆ ಕಂಡರೆ ಗಾಬರಿ ಬೇಡ. ಅದು ಅವರ ಚಳಿಗಾಲ.

ಈ ಎರಡು ಊರುಗಳನ್ನು ಜೋಡಿಯಾಗಿ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಎರಡೂ ಚಿನ್ನದಿಂದ ಹುಟ್ಟಿದ ಊರು, ಎರಡಕ್ಕೂ ನೀರಿಲ್ಲ, ಎರಡೂ ಬದುಕಿದ್ದು ದೂರದಿಂದ ತಂದದ್ದರ ಮೇಲೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿನ ಗಣಿ ಕೈಗೆತ್ತಿಕೊಂಡಿತು. ಅಲ್ಲಿ ಪ್ಯಾಡಿ ಹ್ಯಾನನ್ ಮತ್ತು ಇಬ್ಬರು ಜೊತೆಗಾರರಿಗೆ 1893ರ ಜೂನ್‌ನಲ್ಲಿ ಚಿನ್ನ ಸಿಕ್ಕಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ತಂದರು. ಆರೇಳು ತಿಂಗಳು ಕಳೆದು 1903ರ ಜನವರಿಯಲ್ಲಿ, ಪರ್ತ್ ಹತ್ತಿರದ ಮಂಡೇರಿಂಗ್ ಅಣೆಕಟ್ಟೆಯಿಂದ 530 ಕಿಲೋಮೀಟರ್ ಕೊಳವೆಯಲ್ಲಿ ಕಾಲ್ಗೂರ್ಲಿಗೆ ನೀರು ಬಂತು. ಆ ಕೊಳವೆ ಈಗಲೂ ಆ ಊರಿನ ಜೀವನಾಡಿ, ವರ್ಷಕ್ಕೆ ಸುಮಾರು 260 ಮಿಲಿಮೀಟರ್ ಮಳೆ ಬೀಳುವ ಜಾಗ ಅದು. ಬೇತಮಂಗಲದ ನೀರು ಕುಡಿದು ಬೆಳೆದವರಿಗೆ, 2018ರಿಂದ ಬೆಂಗಳೂರಿನಲ್ಲಿ ಸಂಸ್ಕರಿಸಿ ಕಳಿಸುವ ಕೆಸಿ ವ್ಯಾಲಿಯ ನೀರು ಕೆರೆಗೆ ಬಿದ್ದದ್ದನ್ನು ನಿಂತು ನೋಡಿದವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ದಾರಿ ಬೇರೆಯಾಯಿತು. ನಮ್ಮಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಅಲ್ಲಿ ಹಳೆಯ ಸುರಂಗಗಳನ್ನೆಲ್ಲ ನುಂಗಿದ ಸೂಪರ್ ಪಿಟ್ ಎಂಬ ತೆರೆದ ಗುಂಡಿ ಇದೆ, ಮೂರೂವರೆ ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲ, 600 ಮೀಟರಿಗೂ ಹೆಚ್ಚು ಆಳ. ಅದರಲ್ಲಿ ಹಗಲೂ ರಾತ್ರಿ ಕೆಲಸ ನಡೆಯುತ್ತಲೇ ಇದೆ. ಕೆಜಿಎಫ್‌ಗೆ ಒಂದು ಕಾಲದಲ್ಲಿ ಹೊತ್ತು ಹೇಳುತ್ತಿದ್ದದ್ದು ಗಣಿಯ ಸೈರನ್ನು. ಪಾಳಿ ಇಳಿಯುವ ಸೈರನ್ನಿಗೆ ಒಲೆ ಮೇಲೆ ಅನ್ನಕ್ಕಿಡುವ ಮನೆಗಳಿದ್ದವು. ಈಗ ಊರಿಗೆ ಹೊತ್ತು ಹೇಳುವುದು ಮಾರಿಕುಪ್ಪಂನಿಂದ ಕತ್ತಲಲ್ಲೇ ಹೊರಡುವ ಬೆಂಗಳೂರಿನ ರೈಲು. ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ, ಹೀಗೆ ಒಂದೊಂದೇ ನಿಲ್ದಾಣದಲ್ಲಿ ಜನ ತುಂಬಿಕೊಂಡು ಹೋಗಿ, ರಾತ್ರಿ ಎಂಟು ಒಂಬತ್ತಕ್ಕೆ ತಿರುಗಿ ಬರುತ್ತಾರೆ. ಕಾಲ್ಗೂರ್ಲಿಯಲ್ಲಿ ಇನ್ನೂ ಪಾಳಿಯದೇ ರಾಜ್ಯ. ಹನ್ನೆರಡು ಗಂಟೆಯ ಪಾಳಿ, ಸಾಮಾನ್ಯವಾಗಿ ಆರರಿಂದ ಆರು. ವಾರದ ಹೆಸರಿಗೆ ಅಲ್ಲಿ ಬೆಲೆ ಕಡಿಮೆ. ಎಂಟು ದಿನ ಕೆಲಸ ಆರು ದಿನ ರಜೆ, ಅಥವಾ ಏಳು ಹಗಲು, ಏಳು ರಾತ್ರಿ, ಏಳು ರಜೆ, ಹೀಗೆ ರೋಸ್ಟರ್ ಓಡುತ್ತದೆ. ಮಂಗಳವಾರವೋ ಭಾನುವಾರವೋ ಎಂದು ಕೇಳಿ ಪ್ರಯೋಜನವಿಲ್ಲ, ಇದು ಎಷ್ಟನೆಯ ದಿನ ಎಂದು ಕೇಳಬೇಕು.

ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಧನಗಳನ್ನು ನೋಡೋಣ.

ಫೋನಿನ ಕ್ಲಾಕ್ ಆ್ಯಪ್ ಎಲ್ಲರ ಬಳಿ ಇರುವುದು, ಕಾಸು ಖರ್ಚಿಲ್ಲ. ವರ್ಲ್ಡ್ ಕ್ಲಾಕ್ ತೆರೆದು ಕೂಡಿಸುವ ಗುರುತು ಒತ್ತಿ ಪರ್ತ್ ಎಂದು ಹುಡುಕಿ ಸೇರಿಸಿದರೆ, ಊರಿನ ಹೆಸರಿನ ಜೊತೆ ಎರಡೂವರೆ ಗಂಟೆ ಮುಂದೆ ಎಂದು ತೋರಿಸುತ್ತದೆ. ದಿನ ಬದಲಾಗಿದ್ದರೆ ಅದನ್ನೂ ಹೇಳುತ್ತದೆ. ಸಮಯದ ನಿಖರತೆಯಲ್ಲಿ ಉಳಿದ ಯಾವುದೂ ಇದರ ಹತ್ತಿರ ಸುಳಿಯುವುದಿಲ್ಲ, ನೆಟ್‌ವರ್ಕಿನಿಂದ ತಾನೇ ತಿದ್ದಿಕೊಳ್ಳುತ್ತದೆ. ತೊಂದರೆ ಎಂದರೆ ಆ್ಯಪ್ ತೆರೆದರೆ ಮಾತ್ರ ಕಾಣುತ್ತದೆ. ಫೋನ್ ಕೈಗೆತ್ತಿಕೊಂಡವರು ಗಡಿಯಾರ ನೋಡದೆ ನೇರ ವಾಟ್ಸ್‌ಆ್ಯಪ್‌ಗೆ ಹೋಗಿ ಕರೆ ಒತ್ತುತ್ತಾರೆ. ವಿಜೆಟ್ ಎಳೆದು ಮುಖಪುಟದಲ್ಲಿ ಇಟ್ಟರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಮುಖಪುಟವನ್ನು ಒತ್ತಿ ಹಿಡಿದು, ವಿಜೆಟ್‌ಗಳಲ್ಲಿ ಕ್ಲಾಕ್ ಹುಡುಕಿ, ಊರುಗಳನ್ನು ತೋರಿಸುವ ಮಾದರಿ ಆರಿಸಿ. ಕೆಲವು ಫೋನ್‌ಗಳಲ್ಲಿ ಡ್ಯುಯಲ್ ಕ್ಲಾಕ್ ಎಂಬ ಆಯ್ಕೆ ಇರುತ್ತದೆ. ಅದು ನೀವು ಬೇರೆ ದೇಶಕ್ಕೆ ಹೋದಾಗ ಮಾತ್ರ ಎದ್ದು ಕೂರುವಂಥದ್ದು, ಮನೆಯಲ್ಲೇ ಇರುವವರಿಗೆ ಅದರಿಂದ ಉಪಯೋಗವಿಲ್ಲ.

ವಾಟ್ಸ್‌ಆ್ಯಪ್ ವಿಷಯ ಬಂದಿದ್ದಕ್ಕೆ ಒಂದು ಎಚ್ಚರಿಕೆ. ಸಂದೇಶದ ಕೆಳಗಿನ ಸಮಯ ನೋಡುವವರ ಫೋನಿನ ಸಮಯ. ಅವರು 6:10ಕ್ಕೆ ಕಳಿಸಿದ್ದು ನಮ್ಮಲ್ಲಿ 3:40 ಎಂದು ಕಾಣುತ್ತದೆ, ಅದು ಸರಿಯೇ. ಗೊಂದಲ ಹುಟ್ಟುವುದು ಸ್ಕ್ರೀನ್‌ಶಾಟ್ ಬಂದಾಗ. ಅದು ಚಿತ್ರವಾದ್ದರಿಂದ ಅಲ್ಲಿನ ಸಮಯ ಹಾಗೆಯೇ ಉಳಿದಿರುತ್ತದೆ. ರೈಲಿನ ಟಿಕೆಟ್ಟು, ಸಂದರ್ಶನದ ಸಮಯ ಮುಂತಾದವನ್ನು ಸ್ಕ್ರೀನ್‌ಶಾಟಿನಲ್ಲಿ ನೋಡಿ ಮತ್ತೆ ಎರಡೂವರೆ ಕೂಡಿಸುವವರಿದ್ದಾರೆ. ಊರು ಬಿಟ್ಟು ಹೋದವರು ತಮ್ಮ ಫೋನಿನಲ್ಲಿ ಟೈಮ್ ಝೋನನ್ನು ತಾನೇ ಬದಲಾಗುವಂತೆ ಬಿಟ್ಟಿದ್ದಾರೆಯೇ ಎಂದೂ ಕೇಳಿಕೊಳ್ಳಿ. ಅದು ಆಫ್ ಆಗಿದ್ದರೆ ಅವರ ಅಲಾರಾಂ ಭಾರತದ ನಾಲ್ಕೂವರೆಗೆ ಹೊಡೆಯುತ್ತದೆ, ಆಗ ಅಲ್ಲಿ ಏಳು ಗಂಟೆ, ಪಾಳಿಯ ಬಸ್ಸು ಯಾವಾಗಲೋ ಹೋಗಿರುತ್ತದೆ.

ಟೈಮ್‌ಆಂಡ್‌ಡೇಟ್ 1995ರಲ್ಲಿ ನಾರ್ವೆಯಲ್ಲಿ ಶುರುವಾದ ತಾಣ. ಅದರ ಮೀಟಿಂಗ್ ಪ್ಲ್ಯಾನರಿನಲ್ಲಿ ದಿನಾಂಕ ಹಾಕಿ ಎರಡು ಊರು ಕೊಟ್ಟರೆ ಇಪ್ಪತ್ನಾಲ್ಕು ಗಂಟೆಯನ್ನೂ ಸಾಲಾಗಿ ಬಿಡಿಸಿ, ಕಚೇರಿ ಹೊತ್ತಿಗೆ ಹಸಿರು, ಎಚ್ಚರವಿರುವ ಹೊತ್ತಿಗೆ ಹಳದಿ, ಮಲಗುವ ಹೊತ್ತಿಗೆ ಕೆಂಪು ಬಳಿದು ತೋರಿಸುತ್ತದೆ. ಬೆಂಗಳೂರಿನ ಆಫೀಸು ಪರ್ತಿನ ಆಫೀಸಿನೊಂದಿಗೆ ಮಾತಾಡುವುದಕ್ಕೆ ಇದಕ್ಕಿಂತ ಒಳ್ಳೆಯದು ಬೇಡ. ಗಣಿ ಕೆಲಸದವರ ವಿಷಯದಲ್ಲಿ ಮಾತ್ರ ಆ ಬಣ್ಣಗಳನ್ನು ನಂಬಬಾರದು. ರಾತ್ರಿ ಪಾಳಿಯವರು ಅಲ್ಲಿನ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಮಲಗಿರುತ್ತಾರೆ, ಪ್ಲ್ಯಾನರ್ ಅಷ್ಟೂ ಹೊತ್ತಿಗೆ ಹಸಿರು ಬಳಿದಿರುತ್ತದೆ. ಅದು ಹಸಿರು ತೋರಿಸಿತೆಂದು ನಮ್ಮ ಬೆಳಗ್ಗೆ ಎಂಟಕ್ಕೆ ಫೋನ್ ಮಾಡಿದರೆ ಅಲ್ಲಿ ಹತ್ತೂವರೆ, ಪಾಪ ಗಾಢ ನಿದ್ದೆ. ಇದೇ ತಾಣದ ಸೂರ್ಯೋದಯ ಸೂರ್ಯಾಸ್ತದ ಪುಟಗಳು ಮಾತ್ರ ಬಹಳ ಉಪಯುಕ್ತ, ಯಾಕೆಂದು ಮುಂದೆ ಹೇಳುತ್ತೇವೆ.

ಇನ್ನು ಕೈಗಡಿಯಾರ. ಅಂಗಡಿಯಲ್ಲಿ ಎರಡು ದೇಶದ ಸಮಯ ತೋರಿಸುತ್ತದೆ ಎಂದು ಜಿಎಂಟಿ ಮಾದರಿಯ ವಾಚು ತೋರಿಸಿದರೆ ಕೊಳ್ಳಬೇಡಿ. ಅದರಲ್ಲಿ ಹೆಚ್ಚುವರಿಯಾಗಿ ಒಂದು ಗಂಟೆ ಮುಳ್ಳು ಮಾತ್ರ ಇರುತ್ತದೆ, ಅದು ಪೂರ್ತಿ ಗಂಟೆಗಳ ಲೆಕ್ಕದಲ್ಲಿ ಜಿಗಿಯುತ್ತದೆ. ನಿಮಿಷದ ಮುಳ್ಳು ಎರಡೂ ಊರಿಗೆ ಒಂದೇ. ದುಬೈಗೆ ಒಂದೂವರೆ, ಸಿಂಗಾಪುರಕ್ಕೆ ಎರಡೂವರೆ, ಕಾಲ್ಗೂರ್ಲಿಗೂ ಎರಡೂವರೆ, ಎಲ್ಲದರಲ್ಲೂ ನಮಗೆ ಒಂದು ಅರ್ಧ ಅಂಟಿಕೊಂಡಿದೆ. ಆ ಅರ್ಧವನ್ನು ಜಿಎಂಟಿ ವಾಚಿನಲ್ಲಿ ತೋರಿಸುವುದಕ್ಕೇ ಆಗುವುದಿಲ್ಲ. ಎಷ್ಟೇ ದುಬಾರಿಯದಾದರೂ ಅಷ್ಟೆ. ಪ್ರತ್ಯೇಕ ನಿಮಿಷದ ಮುಳ್ಳಿರುವ ಸಣ್ಣ ಡಯಲ್ ಇದ್ದರೆ, ಇಲ್ಲವೇ ಡಿಜಿಟಲ್ ಆದರೆ ಸರಿ.

ಡಿಜಿಟಲ್‌ನಲ್ಲಿ ಕ್ಯಾಸಿಯೋ ಎಇ-1200 ಮೂರು ಸಾವಿರ ರೂಪಾಯಿಯ ಆಜುಬಾಜಿನಲ್ಲಿ ಸಿಗುತ್ತದೆ, ಸ್ಟೀಲ್ ಪಟ್ಟಿಯದ್ದಾದರೆ ಇನ್ನೂ ಸ್ವಲ್ಪ ಹೆಚ್ಚು. 100 ಮೀಟರ್ ನೀರಿನ ತಡೆ, ಹತ್ತು ವರ್ಷ ಬಾಳುತ್ತದೆ ಎಂದು ಕಂಪನಿ ಹೇಳುವ ಸೆಲ್ಲು, 48 ಊರುಗಳ ಪಟ್ಟಿ, ಐದು ಅಲಾರಾಂ. ಕಾಲ್ಗೂರ್ಲಿ ಬಿಡಿ, ಆ 48ರಲ್ಲಿ ಪರ್ತ್ ಕೂಡ ಇಲ್ಲ. ಅದಕ್ಕೆ ದಾರಿ ಇದೆ: ಹಾಂಗ್‌ಕಾಂಗ್ ಇಡಿ. ಎರಡೂ ಯುಟಿಸಿಗಿಂತ ಎಂಟು ಗಂಟೆ ಮುಂದೆ, ಎರಡರಲ್ಲೂ ಬೇಸಿಗೆ ಸಮಯ ಇಲ್ಲ. ಸಿಂಗಾಪುರ, ಬೀಜಿಂಗ್, ತೈಪೆ ಇಟ್ಟರೂ ಅದೇ.

ಹೊಂದಿಸುವ ಕ್ರಮ ತಪ್ಪಿದರೆ ಎಲ್ಲವೂ ಕೆಡುತ್ತದೆ. ಮೊದಲು ಮನೆಯೂರು, ಆಮೇಲೆ ಗಂಟೆ. ಎಡ ಮೇಲಿನ ಅಡ್ಜಸ್ಟ್ ಗುಂಡಿಯನ್ನು ಊರಿನ ಮೂರಕ್ಷರ ಮಿನುಗುವವರೆಗೆ ಒತ್ತಿ ಹಿಡಿದು, ಬಲ ಕೆಳಗಿನ ಸರ್ಚ್ ಗುಂಡಿಯಿಂದ ದೆಹಲಿಯ ಡಿಇಎಲ್ ಬರುವವರೆಗೆ ಸರಿಸಬೇಕು. ಅದಾದ ಮೇಲೆ ಗಂಟೆ, ನಿಮಿಷ, ದಿನಾಂಕ. ಊರು ಬದಲಿಸದೆ ಗಂಟೆಯನ್ನು ಮಾತ್ರ ತಿದ್ದಿದರೆ ಮನೆಯ ಸಮಯ ಸರಿಯಾಗಿಯೇ ಕಾಣುತ್ತದೆ, ಆದರೆ ಉಳಿದ ಊರುಗಳೆಲ್ಲ ಗಂಟೆಗಟ್ಟಲೆ ತಪ್ಪಾಗಿರುತ್ತವೆ. ಈ ವಾಚು ಕೆಟ್ಟಿದೆ ಎಂದು ಅಂಗಡಿಗೆ ತರುವವರಲ್ಲಿ ಇದೇ ತಪ್ಪು ಮಾಡಿದವರಿರುತ್ತಾರೆ. ಆಮೇಲೆ ಮೋಡ್ ಗುಂಡಿಯಿಂದ ವರ್ಲ್ಡ್ ಟೈಮ್‌ಗೆ ಹೋಗಿ ಹಾಂಗ್‌ಕಾಂಗಿನ ಎಚ್‌ಕೆಜಿ ಬರುವವರೆಗೆ ಸರ್ಚ್ ಒತ್ತಿ. ಇಲ್ಲಿ ಅಡ್ಜಸ್ಟ್ ಗುಂಡಿಯನ್ನು ಗೊತ್ತಿಲ್ಲದೆ ಒತ್ತಿ ಹಿಡಿದರೆ ಆ ಊರಿಗೆ ಬೇಸಿಗೆ ಸಮಯ ಹಾಕಿಬಿಡುತ್ತದೆ, ಪರದೆಯಲ್ಲಿ ಡಿಎಸ್‌ಟಿ ಎಂಬ ಸಣ್ಣ ಗುರುತು ಬಂದು ವ್ಯತ್ಯಾಸ ಮೂರೂವರೆ ಗಂಟೆಯಾಗುತ್ತದೆ. ಗುರುತು ಕಂಡರೆ ಇನ್ನೊಮ್ಮೆ ಒತ್ತಿ ಹಿಡಿದು ತೆಗೆಯಿರಿ.

ಈ ವಾಚಿನ ಒಂದು ಗುಣ ನಮಗೆ ಬಹಳ ಹಿಡಿಸಿತು. ಪರದೆಯ ಎಡ ಮೇಲ್ಮೂಲೆಯಲ್ಲಿ ಮುಳ್ಳಿನ ಗಡಿಯಾರದಂಥ ಚಿಕ್ಕ ಚಿತ್ರವಿದೆ, ಅದು ಮನೆಯ ಸಮಯವನ್ನೇ ತೋರಿಸುತ್ತಿರುತ್ತದೆ. ವರ್ಲ್ಡ್ ಟೈಮ್‌ನಲ್ಲೇ ಬಿಟ್ಟರೆ ಕೆಳಗೆ ಅಂಕಿಯಲ್ಲಿ ಕಾಲ್ಗೂರ್ಲಿ, ಮೇಲೆ ಮುಳ್ಳಿನಲ್ಲಿ ಕೋಲಾರ, ಎರಡೂ ಒಟ್ಟಿಗೆ. ಆದರೆ ಆ ಚಿತ್ರ ಬೆರಳಿನ ಉಗುರಿಗಿಂತ ಚಿಕ್ಕದು. ಕನ್ನಡಕ ಹಾಕುವ ವಯಸ್ಸಿನವರು ಓದಲಾರರು. ತಿಂಗಳಿಗೆ ಅರ್ಧ ನಿಮಿಷದವರೆಗೆ ಹಿಂದೆ ಮುಂದೆ ಆಗುವುದೂ ಇದೆ. ಇದು ಅಲ್ಲಿಗೆ ಹೋಗುವವರ ಕೈಗೆ ಒಳ್ಳೆಯ ವಾಚು. ಮನೆಯಲ್ಲಿರುವ ಅಜ್ಜ ಅಜ್ಜಿಗೆ ಅಲ್ಲ.

ಮನೆಗೆ ನಮ್ಮ ಆಯ್ಕೆ ಗೋಡೆ ಗಡಿಯಾರದ ಜೋಡಿ. ಕೋಲಾರದ ಎಂ.ಜಿ. ರಸ್ತೆಯಲ್ಲೋ ರಾಬರ್ಟ್‌ಸನ್‌ಪೇಟೆ ಮಾರ್ಕೆಟಿನಲ್ಲೋ ಮುನ್ನೂರು ನಾನೂರು ರೂಪಾಯಿಗೆ ಸಿಗುವ, ಒಂದು ಪೆನ್ಸಿಲ್ ಸೆಲ್ಲಿನಲ್ಲಿ ಓಡುವ ಸಾದಾ ಕ್ವಾರ್ಟ್ಝ್ ಗಡಿಯಾರ ಸಾಕು. ಎರಡನ್ನೂ ಒಂದೇ ಕಂಪನಿಯ ಒಂದೇ ಮಾದರಿಯದ್ದನ್ನೇ ತನ್ನಿ. ಡಯಲಿನ ಒಳಸುತ್ತಿನಲ್ಲಿ 13ರಿಂದ 24ರವರೆಗೆ ಸಣ್ಣ ಅಂಕಿ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಸೆಕೆಂಡ್ ಮುಳ್ಳು ಟಿಕ್ ಟಿಕ್ ಎಂದು ನಿಂತು ನಿಂತು ಹೋಗುವಂಥದ್ದನ್ನು ಆರಿಸಿ. ಜಾರಿಕೊಂಡು ಹೋಗುವ ಮುಳ್ಳಿನವು ಸೆಲ್ಲನ್ನು ಬೇಗ ತಿನ್ನುತ್ತವೆ, ಎರಡನ್ನು ಹೋಲಿಸುವುದೂ ಕಷ್ಟ.

ಹೊಂದಿಸುವುದು ಹೀಗೆ. ಎರಡರ ಸೆಲ್ಲನ್ನೂ ಸೆಕೆಂಡ್ ಮುಳ್ಳು 12ರ ಮೇಲೆ ಬಂದಾಗ ತೆಗೆಯಿರಿ. ಮುಳ್ಳು ಅಲ್ಲೇ ನಿಲ್ಲುತ್ತದೆ. ಹಿಂದಿನ ಚಕ್ರ ತಿರುಗಿಸಿ ಒಂದನ್ನು ಇನ್ನೆರಡು ನಿಮಿಷಕ್ಕೆ ಆಗಲಿರುವ ನಮ್ಮ ಸಮಯಕ್ಕೆ ಇಡಿ, ಇನ್ನೊಂದನ್ನು ಅದಕ್ಕೆ ಎರಡೂವರೆ ಗಂಟೆ ಕೂಡಿಸಿ ಇಡಿ. ಫೋನಿನಲ್ಲಿ ಸೆಕೆಂಡು ಕಾಣುವಂತೆ ಮಾಡಿಕೊಂಡು, ಸೊನ್ನೆ ಬಿದ್ದ ಕ್ಷಣ ಇಬ್ಬರು ಒಟ್ಟಿಗೆ ಸೆಲ್ಲು ಹಾಕಿ. ಒಬ್ಬರೇ ಇದ್ದರೆ ಒಂದು ನಿಮಿಷದ ಅಂತರದಲ್ಲಿ ಒಂದೊಂದನ್ನೇ ಮಾಡಿ. ನಮ್ಮದನ್ನು ಎಡಕ್ಕೆ, ಕಾಲ್ಗೂರ್ಲಿಯದನ್ನು ಬಲಕ್ಕೆ ನೇತುಹಾಕಿ, ನಕಾಶೆಯಲ್ಲಿ ಪೂರ್ವ ಬಲಕ್ಕಿರುವ ಹಾಗೆ. ಕೆಳಗೆ ದಪ್ಪಕ್ಷರದಲ್ಲಿ ಊರಿನ ಹೆಸರು ಬರೆದು ಅಂಟಿಸಿ. ನೆಂಟರು ಬಂದಾಗ ತಪ್ಪು ಗಡಿಯಾರ ನೋಡಿ ಬಸ್ಸು ತಪ್ಪಿಸಿಕೊಳ್ಳುವುದು ಬೇಡ.

ಈಗ ಸ್ವಲ್ಪ ಹಿಂದೆ ಸರಿದು ಎರಡರ ನಿಮಿಷದ ಮುಳ್ಳುಗಳನ್ನಷ್ಟೇ ನೋಡಿ. ಒಂದು ಮೇಲಕ್ಕೆ ನೋಡುತ್ತಿದ್ದರೆ ಇನ್ನೊಂದು ಕೆಳಕ್ಕೆ. ಒಂದು 3ರ ಮೇಲಿದ್ದರೆ ಇನ್ನೊಂದು 9ರ ಮೇಲೆ. ವ್ಯತ್ಯಾಸದಲ್ಲಿ ಅರ್ಧ ಗಂಟೆ ಇರುವುದರಿಂದ ಯಾವ ಹೊತ್ತಿನಲ್ಲಿ ನೋಡಿದರೂ ಆ ಎರಡು ಮುಳ್ಳು ಸರಿಯಾಗಿ ವಿರುದ್ಧ ದಿಕ್ಕಿಗೆ ಇರಲೇಬೇಕು. ಒಂದು ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದರೂ ಆ ಜೋಡಿ ವಕ್ರವಾಗಿ ಕಣ್ಣಿಗೆ ಹೊಡೆಯುತ್ತದೆ. ಜಿಎಂಟಿ ವಾಚಿಗೆ ಶಾಪವಾದ ಆ ಅರ್ಧವೇ ಗೋಡೆಯ ಮೇಲೆ ಕಾವಲು ಕಾಯುತ್ತದೆ. ಲೆಕ್ಕ ಬಾರದ ಮಗುವಿಗೂ ಇದನ್ನು ಹೇಳಿಕೊಡಬಹುದು: ಎರಡು ದೊಡ್ಡ ಮುಳ್ಳು ಒಂದಕ್ಕೊಂದು ಬೆನ್ನು ಹಾಕಿದ್ದರೆ ಸರಿ, ಇಲ್ಲದಿದ್ದರೆ ದೊಡ್ಡವರಿಗೆ ಹೇಳು.

ಹಿಂದೆ ಬೀಳುವುದಕ್ಕೆ ಎರಡು ಕಾರಣ. ಸೆಲ್ಲು ಸೊರಗಿದಾಗ ಮುಳ್ಳು ಮೇಲೇರುವ ಅರ್ಧದಲ್ಲಿ, 8ರಿಂದ 10ರ ನಡುವೆ, ಸೆಕೆಂಡ್ ಮುಳ್ಳು ತಡಕಾಡುತ್ತದೆ. ಅದನ್ನು ಕಂಡ ದಿನವೇ ಎರಡರ ಸೆಲ್ಲನ್ನೂ ಬದಲಿಸಿ. ಹಳೆಯದು ಸೋರಿದರೆ ಸ್ಪ್ರಿಂಗು ಹಸಿರುಗಟ್ಟಿ ಗಡಿಯಾರವೇ ಹೋಗುತ್ತದೆ. ಇನ್ನೊಂದು ಬಿಸಿ. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಮಾಡಿರುವುದು ಸುಮಾರು 25 ಡಿಗ್ರಿಯ ಹವೆಗೆ. 40 ಡಿಗ್ರಿ ಮುಟ್ಟಿದರೆ ದಿನಕ್ಕೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ನಿಧಾನವಾಗುತ್ತದೆ, ತಿಂಗಳಿಗೆ ಇಪ್ಪತ್ತು ಸೆಕೆಂಡು. ಪಡುವಣ ಬಿಸಿಲು ಬೀಳುವ ಗೋಡೆಗೂ ಒಲೆ ಪಕ್ಕದ ಗೋಡೆಗೂ ಹಾಕಬೇಡಿ. ಒಂದನ್ನು ನಡುಮನೆಗೆ, ಇನ್ನೊಂದನ್ನು ಅಡುಗೆಮನೆಗೆ ಹಾಕುವುದಂತೂ ಬೇಡವೇ ಬೇಡ, ಪಕ್ಕಪಕ್ಕ ಇದ್ದರೆ ತಾನೇ ಹೋಲಿಸಿ ನೋಡುವುದು.

ಜೋಡಿ ಗಡಿಯಾರದ ದೊಡ್ಡ ಕೊರತೆ ತಾರೀಖು. ನಮ್ಮ ರಾತ್ರಿ 9:30ಕ್ಕೆ ಅಲ್ಲಿ ಮರುದಿನ ಹುಟ್ಟುತ್ತದೆ. ಹುಟ್ಟುಹಬ್ಬಕ್ಕೆ ಸರಿಯಾಗಿ ಹನ್ನೆರಡಕ್ಕೆ ಹಾರೈಸುವ ಆಸೆಯಿದ್ದರೆ ಹಿಂದಿನ ರಾತ್ರಿ ಒಂಬತ್ತೂವರೆಗೆ ಸಂದೇಶ ಕಳಿಸಿ. ಕರೆ ಮಾಡಬೇಡಿ, ಹಗಲು ಪಾಳಿಯವರಾದರೆ ಮಲಗಿ ಮೂರು ಗಂಟೆಯಾಗಿರುತ್ತದೆ.

ಪಾಳಿಯನ್ನು ತೋರಿಸುವುದಕ್ಕೆ ಯಾವ ಗಡಿಯಾರಕ್ಕೂ ಆಗದು. ಅದಕ್ಕೆ ಗಡಿಯಾರದ ಕೆಳಗೇ ಒಂದು ತಿಂಗಳ ಕ್ಯಾಲೆಂಡರ್ ತೂಗುಹಾಕಿ. ಅವರಿಂದ ರೋಸ್ಟರ್ ತರಿಸಿಕೊಂಡು ಹಗಲು ಪಾಳಿಯ ದಿನಗಳಿಗೆ ಹಳದಿ, ರಾತ್ರಿ ಪಾಳಿಗೆ ನೀಲಿ, ರಜೆಗೆ ಏನೂ ಬಳಿಯದೆ ಬಿಡಿ. ಹಳದಿ ದಿನ ನಮ್ಮ ಸಂಜೆ 4:30ರಿಂದ 6:30. ನೀಲಿ ದಿನ ಅವರು ಏಳುವುದು ನಮ್ಮ ಮಧ್ಯಾಹ್ನ 12:30ಕ್ಕೆ, ಕೆಲಸಕ್ಕೆ ಹೊರಡುವುದು 2:30ಕ್ಕೆ. ಹಾಗಾಗಿ 12:45ರಿಂದ 2:15, ನಮ್ಮ ಊಟದ ಹೊತ್ತು. ಬೆಂಗಳೂರಿಗೆ ಓಡಾಡುವ ಅಪ್ಪನಿಗೆ ಹಳದಿ ದಿನಗಳಲ್ಲಿ ಮಗನ ಜೊತೆ ಮನೆಯಿಂದ ಮಾತಾಡಲು ಸಿಗುವುದೇ ಇಲ್ಲ, ನೀಲಿ ದಿನ ಊಟದ ಬಿಡುವಿನಲ್ಲಿ ಆಫೀಸಿನಿಂದಲೇ ಮಾಡಬಹುದು. ಇದು ತಿಳಿದಿದ್ದರೆ ಮನಸ್ತಾಪ ಕಡಿಮೆ. ಫೋನಿನ ಕ್ಯಾಲೆಂಡರಿಗೂ ಹಾಕುವುದಾದರೆ, ಎಂಟು-ಆರರ ರೋಸ್ಟರ್ ಹದಿನಾಲ್ಕು ದಿನದ ಚಕ್ರವಾದ್ದರಿಂದ ಎರಡು ವಾರಕ್ಕೊಮ್ಮೆ ಮರುಕಳಿಸುವಂತೆ, ಏಳು-ಏಳು-ಏಳರದ್ದು ಮೂರು ವಾರಕ್ಕೊಮ್ಮೆ ಮರುಕಳಿಸುವಂತೆ ಹಾಕಿ. ಪ್ರತಿ ನಮೂದಿನ ಟೈಮ್ ಝೋನನ್ನು ಪರ್ತ್ ಎಂದು ಬದಲಿಸಲು ಮರೆಯಬೇಡಿ. ಬದಲಿಸದಿದ್ದರೆ ಅವರ ಆರು ಗಂಟೆ ನಮ್ಮ ಆರು ಗಂಟೆಯಾಗಿ ಕೂರುತ್ತದೆ.

ಕೊನೆಗೆ ಪಂಚಾಂಗ. ನಮ್ಮ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಸಂಕ್ರಮಣದ ಕ್ಷಣ, ತಿಥಿ ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ, ಅದಕ್ಕೆ ಎರಡೂವರೆ ಗಂಟೆ ಕೂಡಿಸಿದರೆ ಸಾಕು. ಸೂರ್ಯೋದಯದ ಮೇಲೆ ನಿಂತವು ಹಾಗಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ನಮ್ಮ 2:18ಕ್ಕೆ, ಇಲ್ಲಿ 6:34ಕ್ಕೆ. ಏಕಾದಶಿ ನಮ್ಮ ಬೆಳಗಿನ ಜಾವ ನಾಲ್ಕಕ್ಕೆ ಶುರುವಾಯಿತು ಎಂದುಕೊಳ್ಳಿ. ಇಲ್ಲಿ ಸೂರ್ಯೋದಯಕ್ಕೆ ಏಕಾದಶಿ ಇದೆ, ಅಲ್ಲಿ ಸೂರ್ಯೋದಯಕ್ಕೆ ಇನ್ನೂ ದಶಮಿ. ಅಲ್ಲಿನ ಉಪವಾಸ ಮರುದಿನಕ್ಕೆ ಹೋಗುತ್ತದೆ. ರಾಹುಕಾಲವೂ ಹಾಗೆಯೇ, ಹಗಲನ್ನು ಎಂಟು ಪಾಲು ಮಾಡಿ ಎಣಿಸುವುದು. ಡಿಸೆಂಬರ್ 21ರ ಆಸುಪಾಸಿನ ಸೋಮವಾರ ಎರಡನೆಯ ಪಾಲು ಕೆಜಿಎಫ್‌ನಲ್ಲಿ 7:59ರಿಂದ 9:24. ಕಾಲ್ಗೂರ್ಲಿಯಲ್ಲಿ ಹಗಲು ಉದ್ದವಾದ್ದರಿಂದ ಒಂದು ಪಾಲೇ 1 ಗಂಟೆ 46 ನಿಮಿಷ, ಅಲ್ಲಿನ ಗಡಿಯಾರದಲ್ಲಿ 6:34ರಿಂದ 8:20. ಇಲ್ಲಿನ ಕ್ಯಾಲೆಂಡರಿನ ಏಳೂವರೆ-ಒಂಬತ್ತನ್ನು ಅಲ್ಲಿಗೆ ಕಳಿಸಬೇಡಿ, ಅದಕ್ಕೆ ಎರಡೂವರೆ ಕೂಡಿಸಿಯೂ ಕಳಿಸಬೇಡಿ. ಟೈಮ್‌ಆಂಡ್‌ಡೇಟ್‌ನಲ್ಲಿ ಆ ಊರಿನ ಆ ದಿನದ ಸೂರ್ಯೋದಯ, ಸೂರ್ಯಾಸ್ತ ತೆಗೆದುಕೊಂಡು, ಎಂಟರಿಂದ ಭಾಗಿಸಿ, ಅಲ್ಲಿನ ಸಮಯದಲ್ಲೇ ಬರೆದು ಕಳಿಸಿ.